ಜಾಕ್ಸನ್ ಹೈಟ್ಸ್‌ನಲ್ಲಿ ನಾವು ಕೋ-ಆಪ್ ಮನೆ ಕೊಂಡ ಬಗೆ

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿರುವ ಜಾಕ್ಸನ್ ಹೈಟ್ಸ್‌ನಲ್ಲಿ ಏಳು ವರ್ಷ ಬಾಡಿಗೆಗಿದ್ದ ಮೇಲೆ, ನಾನು ಮತ್ತು ನನ್ನ ಪತ್ನಿ ಅದೇ ಬಡಾವಣೆಯಲ್ಲಿ ಎರಡು ಮಲಗುವ ಕೋಣೆಗಳ ಕೋ-ಆಪ್ ಮನೆಯೊಂದನ್ನು ಕೊಂಡೆವು. ಹುಡುಕಲು ಆರಂಭಿಸಿದ ದಿನದಿಂದ ಬೀಗದ ಕೈ ಸಿಗುವವರೆಗೆ ಹದಿನಾಲ್ಕು ತಿಂಗಳು ಹಿಡಿಯಿತು. ನಡುವೆ ಒಂದು ಕಟ್ಟಡದವರು ನಮ್ಮನ್ನು ಬೇಡವೆಂದರು. ಇಲ್ಲಿ ನನಗೆ ಪರಿಚಯವಿರುವ ಕನ್ನಡಿಗರಲ್ಲಿ ಹಲವರು ಕೋ-ಆಪ್ ಎಂದರೆ ಹಿಂಜರಿಯುತ್ತಾರೆ. ಆ ಹಿಂಜರಿಕೆ ನಿರಾಧಾರವಲ್ಲ, ಆದರೆ ಅದರ ಬಹುಪಾಲು ನಾವು ಕೊಳ್ಳುತ್ತಿರುವುದು ಏನನ್ನು ಎಂಬುದು ಸ್ಪಷ್ಟವಾಗದಿರುವುದರಿಂದ ಹುಟ್ಟಿದ್ದು.

ನಮ್ಮ ಊರಿನಲ್ಲಿ ಫ್ಲ್ಯಾಟ್ ಕೊಂಡರೆ ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರವಾಗುತ್ತದೆ, ಜಮೀನಿನಲ್ಲಿ ಅವಿಭಾಜ್ಯ ಪಾಲು ಬರುತ್ತದೆ, ಖಾತೆ ನಮ್ಮ ಹೆಸರಿಗೆ ಬದಲಾಗುತ್ತದೆ. ಕೋ-ಆಪ್‌ನಲ್ಲಿ ಇವು ಯಾವುವೂ ಇಲ್ಲ. ಇಡೀ ಕಟ್ಟಡದ ಒಡೆತನ ಒಂದು ಕಂಪನಿಯದು. ನಾವು ಕೊಳ್ಳುವುದು ಆ ಕಂಪನಿಯ ಇಂತಿಷ್ಟು ಷೇರುಗಳನ್ನು, ಅವುಗಳ ಜೊತೆಗೆ ಒಂದು ನಿರ್ದಿಷ್ಟ ಮನೆಯಲ್ಲಿ ವಾಸಿಸುವ ದೀರ್ಘಾವಧಿ ಗುತ್ತಿಗೆ ಬರುತ್ತದೆ. ಕಟ್ಟಡದ ಆಸ್ತಿ ತೆರಿಗೆ, ನೌಕರರ ಸಂಬಳ, ವಿಮೆ, ಚಳಿಗಾಲದ ಇಂಧನ, ಕಟ್ಟಡವೇ ಮಾಡಿಕೊಂಡಿರುವ ಸಾಲದ ಕಂತು, ಇವೆಲ್ಲ ಷೇರುಗಳ ಪ್ರಮಾಣದಲ್ಲಿ ಹಂಚಿಕೆಯಾಗಿ ತಿಂಗಳ ಮೇಂಟೆನೆನ್ಸ್ ಆಗುತ್ತದೆ. ಒಬ್ಬರು ಕಟ್ಟದಿದ್ದರೆ ಆ ಹೊರೆ ಉಳಿದವರ ಮೇಲೆ ಬೀಳುತ್ತದೆ. ಅವಿಭಕ್ತ ಕುಟುಂಬಕ್ಕೆ ಸೇರಿದ ಹಾಗೆ ಎಂದು ನಾನು ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿದ್ದೆ; ಅವರಿಗೆ ತಕ್ಷಣ ಅರ್ಥವಾಯಿತು, ಮತ್ತು ಅವರು ಕೇಳಿದ ಮೊದಲ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿತ್ತು: "ಆ ಮನೆತನದ ಮೇಲೆ ಸಾಲ ಎಷ್ಟಿದೆ?"

ಈ ಬಡಾವಣೆಯಲ್ಲಿ ಕೋ-ಆಪ್‌ಗಳು ಹೆಚ್ಚಾಗಿರುವುದಕ್ಕೆ ಚರಿತ್ರೆಯೇ ಕಾರಣ. 1917ರಲ್ಲಿ ಎತ್ತರಿಸಿದ ರೈಲು ಮಾರ್ಗ ಇಲ್ಲಿಗೆ ಬಂದ ಬೆನ್ನಿಗೇ ಎಡ್ವರ್ಡ್ ಮ್ಯಾಕ್‌ಡೂಗಲ್ ಅವರ ಕ್ವೀನ್ಸ್‌ಬರೊ ಕಾರ್ಪೊರೇಷನ್, ಒಳಗೆ ಉದ್ದನೆಯ ತೋಟವನ್ನು ಬಳಸಿಕೊಂಡು ನಿಲ್ಲುವ ಇಟ್ಟಿಗೆಯ ಕಟ್ಟಡಗಳನ್ನು ಸಾಲುಸಾಲಾಗಿ ಕಟ್ಟಿ, ಅವುಗಳನ್ನು ಸಹಕಾರಿ ಒಡೆತನದಲ್ಲಿ ಮಾರಿತು. ಆ ದಿನಗಳಲ್ಲಿ ಯಹೂದಿಯರಿಗೂ ಕಪ್ಪುಜನರಿಗೂ ಇಲ್ಲಿ ಪ್ರವೇಶವಿರಲಿಲ್ಲ. ಇಂದು ಅದೇ ಬಡಾವಣೆಯಲ್ಲಿ ಬಾಂಗ್ಲಾ, ನೇಪಾಳಿ, ಟಿಬೆಟನ್, ಸ್ಪ್ಯಾನಿಷ್, ಪಂಜಾಬಿ ಮಾತುಗಳು ಒಂದೇ ಪಾದಚಾರಿ ದಾರಿಯಲ್ಲಿ ಕೇಳಿಬರುತ್ತವೆ. ನಾವು ಇಲ್ಲೇ ಉಳಿಯಬೇಕೆಂದು ಹಟ ಹಿಡಿದದ್ದಕ್ಕೆ ಇದೇ ಕಾರಣ, ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ಗದ್ದಲದ ವಿಷಯವನ್ನು ಮಾತ್ರ ಎಚ್ಚರಿಕೆಯಿಂದ ಪರೀಕ್ಷಿಸಬೇಕಾಯಿತು. ರೂಸ್‌ವೆಲ್ಟ್ ಅವೆನ್ಯೂದ ಮೇಲೆ ಕಬ್ಬಿಣದ ಕಂಬಗಳ ಮೇಲಿನಿಂದ ಏಳನೇ ಸಂಖ್ಯೆಯ ರೈಲು ಹಾದುಹೋಗುತ್ತದೆ; ಅದು ಹೋಗುವಷ್ಟು ಹೊತ್ತು ಕೆಳಗೆ ನಿಂತವರು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕಾಯುತ್ತಾರೆ. ನಾವು ಮೆಚ್ಚಿದ ಪ್ರತಿಯೊಂದು ಮನೆಯ ಹೊರಗೆ ವಾರದ ದಿನ ಬೆಳಿಗ್ಗೆ ಒಮ್ಮೆ, ಶನಿವಾರ ರಾತ್ರಿ ಹನ್ನೊಂದಕ್ಕೆ ಒಮ್ಮೆ ಹೋಗಿ ನಿಂತೆವು. 37ನೇ ಅವೆನ್ಯೂದಲ್ಲಿ ಅಂಗಡಿಗಳಿಗೆ ಸರಕು ಇಳಿಸುವ ಲಾರಿಗಳು ಮುಂಜಾನೆಯೇ ಬರುತ್ತವೆ. 35ನೇ ಅವೆನ್ಯೂ ತಲುಪುವಷ್ಟರಲ್ಲಿ ಸದ್ದು ಬಹಳ ಇಳಿದಿರುತ್ತದೆ, 34ನೇ ಅವೆನ್ಯೂದಲ್ಲಿ 2020ರಿಂದ ಹಗಲು ಹೊತ್ತು ವಾಹನಗಳನ್ನು ತಡೆದಿರುವುದರಿಂದ ಮಕ್ಕಳು ರಸ್ತೆಯಲ್ಲೇ ಸೈಕಲ್ ಕಲಿಯುತ್ತಾರೆ. ನಡೆದು ಹೋಗುವ ಕೆಲವೇ ನಿಮಿಷಗಳ ಅಂತರ, ಆದರೆ ಎರಡು ಬೇರೆ ಊರುಗಳೆನಿಸುವಷ್ಟು ವ್ಯತ್ಯಾಸ.

ಮೊದಲು ಒಪ್ಪಂದವಾದ ಮನೆ ನಮಗೆ ದಕ್ಕಲಿಲ್ಲ. ಬೆಲೆ ಕುದುರಿತ್ತು, ಶೇಕಡಾ 10ರಷ್ಟು ಮುಂಗಡ ಮಾರುವವರ ವಕೀಲರ ಬಳಿ ಠೇವಣಿಯಾಗಿತ್ತು, ಬ್ಯಾಂಕು ಸಾಲ ಮಂಜೂರು ಮಾಡಿತ್ತು. ಆದರೆ ಕೋ-ಆಪ್‌ನಲ್ಲಿ ಕೊಳ್ಳುವವರನ್ನು ಒಪ್ಪುವುದು ಬಿಡುವುದು ಕಟ್ಟಡದ ಷೇರುದಾರರು ಆರಿಸಿದ ಮಂಡಳಿಯ ಕೈಯಲ್ಲಿರುತ್ತದೆ. ಆ ಕಟ್ಟಡದ ಮಂಡಳಿ ಆರು ವಾರ ನಮ್ಮ ಕಾಗದಗಳನ್ನು ಇಟ್ಟುಕೊಂಡು, ಸಂದರ್ಶನಕ್ಕೂ ಕರೆಯದೆ, ಒಂದೇ ಸಾಲಿನಲ್ಲಿ ನಿರಾಕರಿಸಿತು. ಜನಾಂಗ, ಧರ್ಮ, ಮೂಲದೇಶ ಮುಂತಾದವುಗಳ ಆಧಾರದಲ್ಲಿ ನಿರಾಕರಿಸುವುದು ಕಾನೂನುಬಾಹಿರ. ಆದರೆ ನಾವು ಅರ್ಜಿ ಹಾಕಿದ ಕಾಲದಲ್ಲಿ ಕಾರಣ ಹೇಳಬೇಕಾದ ಹೊಣೆ ಮಂಡಳಿಗೆ ಇರಲಿಲ್ಲ. ಮುಂಗಡ ಪೂರ್ತಿ ಹಿಂದಿರುಗಿತು, ಕಾರಣ ಮಾತ್ರ ಇಂದಿಗೂ ತಿಳಿದಿಲ್ಲ. ಕಾರಣ ಹೇಳದೆ ಬಾಗಿಲು ಹಾಕುವ ಈ ಪದ್ಧತಿ ಅನ್ಯಾಯದ್ದೆಂದೇ ನನ್ನ ಅಭಿಪ್ರಾಯ, ಆಮೇಲೆ ಮನೆ ಸಿಕ್ಕಿತೆಂದು ಅದು ಬದಲಾಗಿಲ್ಲ. ನಮ್ಮ ವಕೀಲರ ಊಹೆ ಹೀಗಿತ್ತು: ಉಳಿತಾಯವೆಂದು ನಾವು ತೋರಿಸಿದ್ದರಲ್ಲಿ ದೊಡ್ಡ ಭಾಗ ಭಾರತದ ಬ್ಯಾಂಕಿನ ಠೇವಣಿ ಮತ್ತು ನಿವೃತ್ತಿ ಖಾತೆಯ ಹಣ. ಮನೆ ಕೊಂಡ ಮೇಲೂ ಕೈಯಲ್ಲಿ ಒಂದೆರಡು ವರ್ಷಗಳ ಕಂತು ಮತ್ತು ಮೇಂಟೆನೆನ್ಸ್‌ಗೆ ಸಾಲುವಷ್ಟು ನಗದು ಉಳಿದಿರಬೇಕೆಂದು ಬಯಸುವ ಮಂಡಳಿಗಳು ಇಂಥ ಹಣವನ್ನು ಲೆಕ್ಕಕ್ಕೆ ಹಿಡಿಯದಿರಬಹುದು. ಮುಂದಿನ ಅರ್ಜಿಗೆ ಮೊದಲು ಆ ಠೇವಣಿಯನ್ನು ಮುರಿಸಿ ಇಲ್ಲಿನ ಖಾತೆಗೆ ತಂದು ಮೂರು ತಿಂಗಳು ಹಾಗೇ ಬಿಟ್ಟೆವು.

ಎರಡನೆಯ ಮನೆಗೆ ನಾವು ಹೆಚ್ಚು ಸಮಯ ಕೊಟ್ಟದ್ದು ಅಡುಗೆಮನೆ ನೋಡುವುದಕ್ಕಲ್ಲ, ಕಟ್ಟಡದ ಲೆಕ್ಕ ಓದುವುದಕ್ಕೆ. ಎರಡು ವರ್ಷಗಳ ಲೆಕ್ಕಪರಿಶೋಧಿತ ಪಟ್ಟಿಗಳನ್ನು ತರಿಸಿಕೊಂಡು, ಅಮ್ಮನ ಪ್ರಶ್ನೆಯಿಂದಲೇ ಆರಂಭಿಸಿದೆ. ಕಟ್ಟಡದ ಸಾಲ ಯಾವ ವರ್ಷ ತೀರಬೇಕು, ಬಡ್ಡಿ ಎಷ್ಟು, ಅಸಲು ಇಳಿಯುತ್ತಿದೆಯೋ ಬರೀ ಬಡ್ಡಿ ಕಟ್ಟುತ್ತಿದ್ದಾರೋ ಎಂಬುದು ಟಿಪ್ಪಣಿಗಳ ಪುಟದಲ್ಲಿರುತ್ತದೆ. ಕಡಿಮೆ ಬಡ್ಡಿಯ ಕಾಲದಲ್ಲಿ ತೆಗೆದ ಸಾಲವನ್ನು ಹೆಚ್ಚಿನ ಬಡ್ಡಿಗೆ ನವೀಕರಿಸಬೇಕಾಗಿ ಬಂದರೆ ಮೇಂಟೆನೆನ್ಸ್ ಏರಲೇಬೇಕು. ಕಡಿಮೆ ಮೇಂಟೆನೆನ್ಸ್ ಎಂದು ಜಾಹೀರಾತಿನಲ್ಲಿ ಹೇಳಿಕೊಂಡಿದ್ದ ಇನ್ನೊಂದು ಕಟ್ಟಡವನ್ನು ನಾವು ಕೈಬಿಟ್ಟದ್ದು ಇದೇ ಪುಟವನ್ನು ಓದಿ: ಸಾಲದ ಅವಧಿ ಮರುವರ್ಷವೇ ಮುಗಿಯುತ್ತಿತ್ತು, ಮೀಸಲು ನಿಧಿ ಬರಿದಾಗಿತ್ತು.

ನಮ್ಮ ವಕೀಲರು ನಿರ್ವಹಣಾ ಕಚೇರಿಗೆ ಹೋಗಿ ಮಂಡಳಿಯ ಸಭಾ ನಡಾವಳಿಯನ್ನೂ ಓದಿ ಬಂದರು. ಅವರ ಟಿಪ್ಪಣಿಯಲ್ಲಿ ಒಂದು ಸಾಲು ಮೂರು ಕಡೆ ಮರುಕಳಿಸಿತ್ತು: ನಾವು ಕೊಳ್ಳಲಿದ್ದ ಮನೆಯ ನೇರ ಮೇಲಿನ ಮನೆಗಳಲ್ಲಿ ಸ್ನಾನದ ಮನೆಯ ಕೊಳವೆ ಸೋರಿಕೆ. ಮನೆ ತೋರಿಸಿದ ದಿನ ಅಲ್ಲಿ ಹೊಸ ಬಣ್ಣದ ವಾಸನೆಯಿತ್ತು. ಮತ್ತೊಮ್ಮೆ ಹೋಗಿ ಚಾವಣಿಗೆ ಕೈಯಿಟ್ಟು ನೋಡಿದಾಗ ಒಂದು ಅಂಗೈಯಗಲದ ಜಾಗ ಮಾತ್ರ ತಣ್ಣಗೆ, ಮೆತ್ತಗೆ ಇತ್ತು. ಕೊಳವೆ ಬದಲಾಯಿಸಿದ ಮೇಲೆಯೇ ಹಸ್ತಾಂತರ ಎಂಬ ಷರತ್ತನ್ನು ಒಪ್ಪಂದಕ್ಕೆ ಸೇರಿಸಿದೆವು. ವಕೀಲರ ಶುಲ್ಕದಲ್ಲಿ ಉಳಿತಾಯ ಮಾಡಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುವುದು ಆ ತಣ್ಣನೆಯ ಜಾಗವನ್ನು ನೆನೆದೇ.

ನಿಯಮಗಳನ್ನೂ ಓದಿಕೊಂಡೆವು. ಎರಡು ವರ್ಷ ನಾವೇ ವಾಸಿಸದೆ ಬಾಡಿಗೆಗೆ ಕೊಡುವಂತಿಲ್ಲ, ಮಾರುವಾಗ ಬೆಲೆಯ ಒಂದು ಭಾಗವನ್ನು ಕಟ್ಟಡಕ್ಕೆ ಕೊಡಬೇಕು. ಬಡಾವಣೆಯ ಈ ಭಾಗ 1993ರಲ್ಲಿ ಐತಿಹಾಸಿಕ ಪ್ರದೇಶವೆಂದು ಘೋಷಿತವಾಗಿರುವುದರಿಂದ ಕಿಟಕಿಗಳನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. ಆರಕ್ಕಿಂತ ಹೆಚ್ಚು ಅಂತಸ್ತಿನ ಕಟ್ಟಡಗಳು ಕೆಲವು ವರ್ಷಗಳಿಗೊಮ್ಮೆ ಹೊರಗೋಡೆಯ ತಪಾಸಣೆ ಮಾಡಿಸಬೇಕು. ನಮ್ಮದು ಆರೇ ಅಂತಸ್ತಿನದಾದ್ದರಿಂದ ಆ ಖರ್ಚಿಲ್ಲ.

ಮಂಡಳಿಗೆ ಕೊಟ್ಟ ಅರ್ಜಿ ನೂರೆಂಬತ್ತು ಪುಟಗಳಷ್ಟಾಯಿತು: ಎರಡು ವರ್ಷಗಳ ತೆರಿಗೆ ವಿವರ, ಬ್ಯಾಂಕಿನ ಎಲ್ಲ ಪಟ್ಟಿಗಳು, ಕೆಲಸ ಕೊಟ್ಟವರ, ಮನೆ ಮಾಲೀಕರ ಹಾಗೂ ಸ್ನೇಹಿತರ ಪತ್ರಗಳು. ಅಸಾಮಾನ್ಯವೆನಿಸಬಹುದಾದ ಪ್ರತಿ ಜಮೆಗೂ ಒಂದೊಂದು ಸಾಲಿನ ವಿವರಣೆ ಬರೆದು ಪಕ್ಕದಲ್ಲೇ ಇಟ್ಟೆವು, ಭಾರತದಿಂದ ಬಂದ ಹಣಕ್ಕೆ ಮೂಲ ಠೇವಣಿ ರಸೀದಿಯನ್ನೂ ಲಗತ್ತಿಸಿದೆವು. ಸಂದರ್ಶನ ನೆಲಮಾಳಿಗೆಯ ಸಭಾಕೋಣೆಯಲ್ಲಿ ಇಪ್ಪತ್ತು ನಿಮಿಷ ನಡೆಯಿತು. ಹಣದ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಅದನ್ನು ಕಾಗದಗಳೇ ಹೇಳಿದ್ದವು. ವಯಸ್ಸಾದ ಒಬ್ಬ ಸದಸ್ಯೆ ತೋಟದ ಸಮಿತಿಯಲ್ಲಿ ಕೆಲಸ ಮಾಡಲು ಆಸಕ್ತಿಯಿದೆಯೇ ಎಂದು ಕೇಳಿದರು, ನನ್ನ ಪತ್ನಿ ನಾನು ಬಾಯಿ ತೆರೆಯುವ ಮೊದಲೇ ಒಪ್ಪಿಕೊಂಡಳು.

ಹಸ್ತಾಂತರದ ದಿನ ಷೇರುಪತ್ರವನ್ನು ಒಂದು ನಿಮಿಷ ಕೈಯಲ್ಲಿ ಹಿಡಿದು ನೋಡಿದೆವು. ಅದೂ ಗುತ್ತಿಗೆ ಪತ್ರವೂ ಸಾಲ ತೀರುವವರೆಗೆ ಬ್ಯಾಂಕಿನ ವಶದಲ್ಲಿರುತ್ತವೆ. ಈ ವರ್ಷದ ವಾರ್ಷಿಕ ಸಭೆಯಲ್ಲಿ ಹಳೆಯ ಬಾಯ್ಲರ್ ಬದಲಾವಣೆಯ ಮಾತು ಬಂತು. ಕಟ್ಟಡಗಳು ಹೊರಬಿಡುವ ಇಂಗಾಲಕ್ಕೆ ಮಿತಿ ಹಾಕಲು 2019ರಲ್ಲಿ ನಗರ ಅಂಗೀಕರಿಸಿದ ಕಾನೂನು 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳಿಗೆ ಅನ್ವಯಿಸುವುದರಿಂದ ಅದನ್ನು ಹೆಚ್ಚು ಕಾಲ ಮುಂದೂಡುವಂತಿಲ್ಲ. ಖರ್ಚು ಮೀಸಲು ನಿಧಿಯಿಂದ ಬರುತ್ತದೆಯೋ ವಿಶೇಷ ವಂತಿಗೆಯೋ ಎಂದು ನಾನು ಎದ್ದುನಿಂತು ಕೇಳಿದೆ. ಅರ್ಧ ನಿಧಿಯಿಂದ, ಅರ್ಧ ವಂತಿಗೆಯಿಂದ ಎಂದು ಖಜಾಂಚಿ ಹೇಳಿದರು. ಆ ಅಂಕಿಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.