ಗ್ರಾಹಕರ ದೂರಿಗೆ ಜಾಲತಾಣದಲ್ಲಿ ಉತ್ತರಿಸುವ ಬಗೆ

ಇಳಕಲ್ ಸೀರೆ ಮಾರುವ ಅಂಗಡಿಯೊಂದರ ಇನ್‌ಸ್ಟಾಗ್ರಾಂ ಪುಟದಲ್ಲಿ, ಹೊಸ ಸೀರೆಯ ಚಿತ್ರದ ಕೆಳಗೆ, ‘ಒಂದೇ ಒಗೆತಕ್ಕೆ ಸೆರಗಿನ ಕೆಂಪು ಒಡಲಿಗೆಲ್ಲ ಹತ್ತಿದೆ’ ಎಂದು ಗ್ರಾಹಕಿಯೊಬ್ಬರು ಬರೆದರೆ, ಅದನ್ನು ಅಳಿಸಿಹಾಕುವುದು ಮಾಲೀಕರು ಮಾಡಬಹುದಾದ ದೊಡ್ಡ ತಪ್ಪು. ಅಳಿಸಿದ್ದನ್ನು ಗಮನಿಸಿದವರು ಬಣ್ಣಕ್ಕಿಂತ ಹೆಚ್ಚಾಗಿ ಅಂಗಡಿಯನ್ನೇ ಸಂಶಯಿಸುತ್ತಾರೆ. ಮೊದಲು ಅಲ್ಲಿಯೇ, ಎಲ್ಲರಿಗೂ ಕಾಣುವಂತೆ, ‘ತೊಂದರೆಯಾದದ್ದಕ್ಕೆ ಕ್ಷಮಿಸಿ ಅಕ್ಕಾರೆ, ಬಿಲ್ಲಿನ ಸಂಖ್ಯೆಯನ್ನೂ ಸೀರೆಯ ಫೋಟೊವನ್ನೂ ಮೆಸೇಜಿನಲ್ಲಿ ಕಳಿಸಿ, ನಾಳೆ ಸಂಜೆಯೊಳಗೆ ಉತ್ತರಿಸುತ್ತೇವೆ’ ಎಂದು ಬರೆಯಬೇಕು. ವಿಳಾಸ, ಫೋನ್ ನಂಬರುಗಳನ್ನು ಬಹಿರಂಗವಾಗಿ ಕೇಳಬಾರದು. ಕೊಟ್ಟ ಗಡುವನ್ನು ಮೀರಲೂಬಾರದು: ಆನ್‌ಲೈನ್ ವ್ಯಾಪಾರಕ್ಕೆ ಅನ್ವಯಿಸುವ 2020ರ ಗ್ರಾಹಕ ರಕ್ಷಣಾ ನಿಯಮಗಳು, ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ ಒಂದು ತಿಂಗಳೊಳಗೆ ಬಗೆಹರಿಸಬೇಕೆನ್ನುತ್ತವೆ. ಸೀರೆ ಬದಲಿಸಿಕೊಟ್ಟ ಮೇಲೆ ಅದನ್ನೂ ಅದೇ ಕಮೆಂಟಿನ ಕೆಳಗೆ ಒಂದು ಸಾಲಿನಲ್ಲಿ ತಿಳಿಸಿರಿ; ದೂರು ಓದಿದವರೇ ಪರಿಹಾರವನ್ನೂ ಓದಲಿ.

ದೂರು ಹುಟ್ಟದಂತೆ ಬರೆಯುವುದು ಇನ್ನೂ ಮುಖ್ಯ. ಒಡಲು ಹತ್ತಿಯದೋ ರೇಷ್ಮೆಯದೋ, ಮೊದಲ ಒಗೆತ ಹೇಗಿರಬೇಕು ಎಂಬುದನ್ನು ಚಿತ್ರದ ಜೊತೆಗೇ ಹೇಳಬೇಕು. ‘ಬೆಲೆಗೆ ಮೆಸೇಜ್ ಮಾಡಿ’ ಎನ್ನದೆ ಒಟ್ಟು ಬೆಲೆಯನ್ನೇ ನಮೂದಿಸಬೇಕು. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವುದಂತೂ ಕೊಳ್ಳುವವರಿಗೆ ಮಾತ್ರವಲ್ಲ, ದಿನವಿಡೀ ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವರಿಗೂ ಬಗೆಯುವ ದ್ರೋಹ.

ಹಣವನ್ನೋ ಉಚಿತ ಸೀರೆಯನ್ನೋ ಪಡೆದು ವಿಡಿಯೊದಲ್ಲಿ ನಿಮ್ಮ ಸೀರೆಯನ್ನು ಹೊಗಳುವವರು, ಅದು ಜಾಹೀರಾತೆಂದು ಆ ವಿಡಿಯೊದಲ್ಲಿಯೇ ಸ್ಪಷ್ಟವಾಗಿ ತಿಳಿಸುವಂತೆ ಮೊದಲೇ ಒಪ್ಪಂದ ಮಾಡಿಕೊಳ್ಳಿರಿ. ನೌಕರರಿಂದಲೂ ನೆಂಟರಿಂದಲೂ ಗ್ರಾಹಕರ ಸೋಗಿನಲ್ಲಿ ವಿಮರ್ಶೆ ಬರೆಸಬಾರದು.