ಗುಂಡಿ ತುಂಬುತ್ತದೆ ಎಂಬ ಭಯ ಹೋಗಲಾಡಿಸಿದ್ದು ಹೀಗೆ

ಶೌಚಾಲಯ ಕಟ್ಟಿಸಿಕೊಳ್ಳಿ ಎಂದು ಹಳ್ಳಿಯ ಮನೆಮನೆಗೆ ಹೇಳಿ ಬರುವುದು ಸುಲಭ. ಕಟ್ಟಿದ ಮೇಲೆ ಮನೆಯವರೆಲ್ಲ ದಿನಾ ಅದನ್ನೇ ಬಳಸುವಂತೆ ಮಾಡುವುದು ಕಷ್ಟ. ಬಳಸದೆ ಬಿಟ್ಟಿದ್ದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಬಹುಪಾಲು ಅದು ಆ ನಾಲ್ಕು ಗೋಡೆಯ ಒಳಗೋ ಹಿಂದಿನ ಗುಂಡಿಯಲ್ಲೋ ಸಿಗುತ್ತದೆ. ಹಾಗಾಗಿ ಉಪದೇಶಕ್ಕೆ ಮೊದಲು ನಾವು ಶೌಚಾಲಯದ ಬಾಗಿಲು ತೆಗೆದು ನೋಡುತ್ತೇವೆ.

ಪ್ಯಾನ್ ಒಣಗಿದೆಯೇ, ಬಾಯಿಗೆ ಅಡ್ಡಲಾಗಿ ಜೇಡರ ಬಲೆ ಇದೆಯೇ, ಮೂಲೆಯಲ್ಲಿ ಸೌದೆ ಪೇರಿಸಿದೆಯೇ? "ಬಳಸ್ತೀರಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಇವತ್ತು ಬೆಳಿಗ್ಗೆ ಅಜ್ಜ ಎಲ್ಲಿಗೆ ಹೋಗಿದ್ದರು? ಮಗು ಎಲ್ಲಿ ಕೂತಿತ್ತು?" ಎಂದು ಒಬ್ಬೊಬ್ಬರ ವಿಷಯ ಕೇಳಿದರೆ ನಿಜ ಹೊರಬರುತ್ತದೆ. ಅಜ್ಜನಿಗೆ ಕುಕ್ಕರಗಾಲಲ್ಲಿ ಕೂತು ಏಳಲು ಆಗದು, ಗೋಡೆಗೆ ಒಂದು ಹಿಡಿಕೆ ಬೇಕು. ಹೆಣ್ಣುಮಕ್ಕಳಿಗೆ ಒಳಗಿನಿಂದ ಚಿಲಕ ಬೇಕು, ರಾತ್ರಿ ಬೆಳಕು ಬೇಕು, ಮುಟ್ಟಿನ ಬಟ್ಟೆ ಹಾಕಲು ಮುಚ್ಚಳದ ಡಬ್ಬಿ ಬೇಕು. ಇವೆಲ್ಲ ಅರ್ಧ ದಿನದ ಕೆಲಸ.

ಅರ್ಧ ದಿನದಲ್ಲಿ ಹೋಗದ್ದು ಗುಂಡಿಯ ಭಯ. "ಬೇಗ ತುಂಬಿಬಿಟ್ಟರೆ ಯಾರು ತೆಗೆಸೋದು?" ಎಂಬ ಚಿಂತೆಗೆ ಗಂಡಸರು ಬಯಲಿಗೇ ಹೋಗುತ್ತಾರೆ, ಇಲ್ಲವೇ ಬಾವಿಯಷ್ಟು ಆಳದ ಒಂದೇ ಗುಂಡಿ ತೋಡಿಸುತ್ತಾರೆ. ಆಳ ಹೆಚ್ಚಿದಷ್ಟೂ ಅಂತರ್ಜಲ ಹತ್ತಿರವಾಗುತ್ತದೆ, ತುಂಬಿದ ದಿನ ಖಾಲಿ ಮಾಡುವುದೂ ಅಪಾಯದ ಕೆಲಸ. ಭಯ ಹೋಗಲು ಲೆಕ್ಕ ಮಾಡಿ ತೋರಿಸಬೇಕು. ನೀರು ನೆಲಕ್ಕೆ ಇಂಗಿ, ಮಲ ಕೊಳೆತ ಮೇಲೆ ಒಬ್ಬರಿಂದ ವರ್ಷಕ್ಕೆ ಉಳಿಯುವ ಗಟ್ಟಿ ಸುಮಾರು 40 ಲೀಟರ್. ಐದು ಜನರಿಗೆ 200 ಲೀಟರ್. 1 ಮೀಟರ್ ಅಗಲದ ದುಂಡು ಗುಂಡಿಯಲ್ಲಿ ಪೈಪಿನ ಬಾಯಿಯಿಂದ ಕೆಳಗೆ 1 ಮೀಟರ್ ಆಳ ಇದ್ದರೆ 785 ಲೀಟರ್ ಹಿಡಿಯುತ್ತದೆ. ಮೂರು ವರ್ಷ ಧಾರಾಳವಾಗಿ ಬರುತ್ತದೆ. ಲೆಕ್ಕವನ್ನು ನಾವು ಹೇಳುವುದಿಲ್ಲ, ಮನೆಯವರಿಂದಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಾಡಿಸುತ್ತೇವೆ. ತಾವೇ ಕೂಡಿದ ಲೆಕ್ಕವನ್ನು ಯಾರೂ ಅನುಮಾನಿಸುವುದಿಲ್ಲ.

ಗುಂಡಿ ಎರಡು ಇರಬೇಕು, ನಡುವೆ ಕನಿಷ್ಠ 1 ಮೀಟರ್ ಅಂತರ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಡಬೇಕು. ಜಂತುಹುಳುವಿನ ಮೊಟ್ಟೆ ಬೇಗ ಸಾಯುವುದಿಲ್ಲ, ಅವಸರ ಮಾಡಬಾರದು. ಹಾಗೆ ಮುಚ್ಚಿಟ್ಟು ಎರಡು ವರ್ಷ ಕಳೆದ ಗುಂಡಿಯ ಮುಚ್ಚಳ ತೆಗೆಸಿ ಅಕ್ಕಪಕ್ಕದವರನ್ನು ಕರೆಯುತ್ತೇವೆ. ಒಳಗೆ ಇರುವುದು ಕಂದುಗಪ್ಪು, ಉದುರುದುರು ಮಣ್ಣು. ಸನಿಕೆಯಲ್ಲಿ ಎತ್ತಿದರೆ ಮಳೆ ಬಿದ್ದ ನೆಲದ ವಾಸನೆ. ಮೂಗು ಮುಚ್ಚಿಕೊಂಡು ಬಂದವರು ಕೈ ಇಳಿಸಿ ಹತ್ತಿರ ಬಗ್ಗಿ ನೋಡುತ್ತಾರೆ. ನಮ್ಮ ಯಾವ ಭಾಷಣವೂ ಇಷ್ಟು ಕೆಲಸ ಮಾಡಿಲ್ಲ.

ಇದು ನಡೆಯಬೇಕಾದರೆ ಕಟ್ಟುವಾಗ ತಪ್ಪಬಾರದು. ನಾವು ಹೆಚ್ಚು ಕಂಡ ತಪ್ಪು ಜಂಕ್ಷನ್ ಚೇಂಬರಿನದ್ದು, ಅಂದರೆ ಪ್ಯಾನಿನಿಂದ ಬಂದ ಪೈಪು ಎರಡು ಗುಂಡಿಗೆ ಕವಲೊಡೆಯುವ ತೊಟ್ಟಿಯದ್ದು: ಎರಡೂ ಪೈಪಿನ ಬಾಯಿ ತೆರೆದೇ ಬಿಡುತ್ತಾರೆ, ಎರಡೂ ಗುಂಡಿ ಒಟ್ಟಿಗೆ ತುಂಬುತ್ತವೆ, ಯಾವುದಕ್ಕೂ ವಿಶ್ರಾಂತಿ ಸಿಗದು. ಒಂದು ಬಾಯಿಗೆ ಇಟ್ಟಿಗೆಯಿಟ್ಟು ಮಣ್ಣಿನ ಗಾರೆಯಲ್ಲಿ ಮುಚ್ಚಬೇಕು. ಸಿಮೆಂಟ್ ಹಾಕಿದರೆ ಮುಂದೆ ಬಿಚ್ಚುವಾಗ ಚೇಂಬರೇ ಒಡೆಯುತ್ತದೆ. ಎರಡನೆಯದು, ಗುಂಡಿಯ ತಳಕ್ಕೆ ಕಾಂಕ್ರೀಟ್ ಹಾಕಿ ಗೋಡೆಗೆ ಗಾರೆ ಬಳಿಯುವುದು. ನೀರು ಇಂಗದೆ ತಿಂಗಳೊಳಗೆ ತುಂಬಿ, "ನೋಡಿ, ಹೇಳಿದ್ದೆವಲ್ಲ" ಎಂಬ ಮಾತು ಊರೆಲ್ಲ ಹಬ್ಬುತ್ತದೆ. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿಸಬೇಕು, ಪೈಪಿನ ಮಟ್ಟದಿಂದ ಮೇಲೆ ಮಾತ್ರ ಸಂದು ಬೇಡ. ಪೈಪು ಗೋಡೆಯಿಂದ 10 ಸೆಂ.ಮೀ. ಒಳಕ್ಕೆ ಚಾಚಿರಲಿ. ಸ್ನಾನದ ನೀರು, ಮಳೆನೀರು ಈ ಗುಂಡಿಗೆ ಬರಲೇಬಾರದು.

ವಾಸನೆಯ ದೂರು ಬಂದರೆ ಮೊದಲು ಟ್ರ್ಯಾಪ್, ಅಂದರೆ ಪ್ಯಾನಿಗೆ ಜೋಡಿಸಿದ ಬಾಗಿದ ಕೊಳವೆ, ನೋಡುತ್ತೇವೆ. ಪ್ಯಾನ್ ಕೆಳಗಿನ ಟ್ರ್ಯಾಪಿನಲ್ಲಿ 20 ಮಿ.ಮೀ. ನೀರು ಸದಾ ನಿಂತಿರಬೇಕು, ವಾಸನೆಯನ್ನೂ ನೊಣವನ್ನೂ ತಡೆಯುವುದು ಅದೇ. ಮೇಸ್ತ್ರಿ ರಸಮಟ್ಟ ಇಡದೆ ವಾರೆಯಾಗಿ ಕೂರಿಸಿದರೆ ನೀರು ನಿಲ್ಲುವುದಿಲ್ಲ. ಪ್ಯಾನಿನ ಇಳಿಜಾರು 25ರಿಂದ 28 ಡಿಗ್ರಿ ಇದ್ದರೆ 2 ಲೀಟರ್ ನೀರು ಸಾಕು. ಇಳಿಜಾರು ಕಡಿಮೆಯಾದರೆ ಬಕೆಟ್ ಬಕೆಟ್ ಬೇಕು, ಆ ನೀರು ಹೊರುವವರು ಹೆಂಗಸರೇ.

ಕುಡಿಯುವ ನೀರಿನ ಬಾವಿಯಿಂದ 30 ಮೀಟರ್ ದೂರ, ಗುಂಡಿಯ ತಳದಿಂದ ಅಂತರ್ಜಲಕ್ಕೆ ಕನಿಷ್ಠ 1.5 ಮೀಟರ್. ಮಳೆಗಾಲದಲ್ಲಿ ನೀರು ಮೇಲೇರುವ ಜಾಗದಲ್ಲಿ ಗುಂಡಿಯನ್ನು ನೆಲದಿಂದ ಎತ್ತರಿಸಿ ಕಟ್ಟಿ ಸುತ್ತ ಮಣ್ಣು ಒತ್ತಬೇಕು. ಜಿಗುಟು ಮಣ್ಣಾದರೆ ಗುಂಡಿ ದೊಡ್ಡದಾಗಬೇಕು.

ಇಡೀ ಊರನ್ನು ಒಟ್ಟಿಗೆ ಎಬ್ಬಿಸಲು 2000ದ ಸುಮಾರಿಗೆ ಭಾರತದ ಅಭಿವೃದ್ಧಿ ಸಲಹೆಗಾರ ಕಮಲ್ ಕರ್ ಬಾಂಗ್ಲಾದೇಶದಲ್ಲಿ ರೂಪಿಸಿದ ವಿಧಾನ ಬಳಸಿದ್ದೇವೆ. ಜನರೇ ನೆಲದ ಮೇಲೆ ಊರಿನ ನಕ್ಷೆ ಬರೆದು, ಬಯಲಿಗೆ ಕೂರುವ ಜಾಗಕ್ಕೆ ಹಳದಿ ಪುಡಿ ಹಾಕುತ್ತಾರೆ. ಒಬ್ಬರಿಗೆ ದಿನಕ್ಕೆ 200 ಗ್ರಾಂ ಎಂದು ಹಿಡಿದರೂ 500 ಜನರಿಗೆ 100 ಕೆ.ಜಿ. ಅದು ಮಳೆಗೆ ಎಲ್ಲಿಗೆ ಹರಿಯುತ್ತದೆ ಎಂದು ಕೇಳಿದಾಗ ಬೆರಳುಗಳು ತಾವಾಗಿ ಕೆರೆಯ ಕಡೆ ತಿರುಗುತ್ತವೆ. ಇಲ್ಲಿಯವರೆಗೆ ಸರಿ. ಆದರೆ ಬಯಲಿಗೆ ಹೋದವರನ್ನು ಹಿಡಿದು ಅವಮಾನಿಸುವುದು, ಸವಲತ್ತು ತಡೆಯುವುದು ನಮಗೆ ಒಪ್ಪಿಗೆಯಿಲ್ಲ. ಅಂಥ ಹೊಡೆತ ಬೀಳುವುದು ಜಾಗವಿಲ್ಲದ ಬಡವರ ಮೇಲೇ, ಕಾವಲು ತೆಗೆದ ಮರುದಿನ ಬಯಲಿಗೆ ಹೋಗುವುದೂ ಶುರುವಾಗುತ್ತದೆ.

ಮಕ್ಕಳ ಮಲದಿಂದ ತೊಂದರೆಯಿಲ್ಲ ಎಂದು ತಿಪ್ಪೆಗೆ ಎಸೆಯುವವರು ಬಹಳ. ಅದೂ ಪ್ಯಾನಿಗೇ ಬೀಳಬೇಕು, ತೊಳೆದವರು ಸೋಪಿನಲ್ಲಿ ಕೈ ತೊಳೆಯಬೇಕು. ಸೋಪು ಒಳಮನೆಯಲ್ಲಿದ್ದರೆ ಯಾರೂ ತೊಳೆಯುವುದಿಲ್ಲ. ಬಾಗಿಲ ಪಕ್ಕದಲ್ಲೇ 5 ಲೀಟರಿನ ಕ್ಯಾನಿಗೆ ಮೊಳೆಯಷ್ಟು ತೂತು ಮಾಡಿ ತೂಗುಹಾಕಿ, ಕಾಲಲ್ಲಿ ಒತ್ತಿ ಬಗ್ಗಿಸುವ ಹಾಗೆ ಹಗ್ಗ ಕಟ್ಟಿಕೊಡುತ್ತೇವೆ.

ಕಟ್ಟಿ ಮುಗಿದ ಒಂದು ವಾರದ ಮೇಲೆ ಒಮ್ಮೆ, ಒಂದು ತಿಂಗಳ ಮೇಲೆ ಒಮ್ಮೆ, ಮೊದಲ ಜೋರು ಮಳೆ ನಿಂತ ಮಾರನೆ ದಿನ ಒಮ್ಮೆ ಆ ಮನೆಗೆ ಹೋಗುತ್ತೇವೆ. ಮಳೆಯ ಮಾರನೆ ದಿನದ ಭೇಟಿ ತಪ್ಪಿಸುವುದಿಲ್ಲ. ಮುಚ್ಚಳದ ಅಂಚಿನಲ್ಲಿ ನೀರು ಇಳಿದಿದೆಯೇ, ಗುಂಡಿಯ ಸುತ್ತ ಮಣ್ಣು ಕುಸಿದಿದೆಯೇ ಎಂದು ಮನೆಯವರ ಜೊತೆ ಸುತ್ತಿ ನೋಡಿ, ಕುಸಿದಲ್ಲಿ ಅವತ್ತೇ ಮಣ್ಣು ತುಂಬಿಸುತ್ತೇವೆ.