ಡ್ಯಾಶ್‌ಕ್ಯಾಮ್ ಕೊಳ್ಳುವಾಗ ನಂಬರ್ ಪ್ಲೇಟ್ ಓದಿ ನೋಡಿ

ಮುಂಬೈಯ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಕಾರಿನ ಆಕ್ಸೆಸರಿ ಅಂಗಡಿಗಳು ಸಾಲಾಗಿವೆ. ಡ್ಯಾಶ್‌ಕ್ಯಾಮ್ (ಮುಂದಿನ ಗಾಜಿಗೆ ಅಂಟಿಸಿ ರಸ್ತೆಯ ವಿಡಿಯೊ ತೆಗೆಯುವ ಕ್ಯಾಮೆರಾ) ಬೇಕು ಅಂದರೆ ಸಾಕು, ‘ಫೋರ್ ಕೆ ಹೈ ಸಾಬ್’ ಎಂದು ಬಾಕ್ಸ್ ಮುಂದೆ ಬರುತ್ತದೆ. ಬಾಕ್ಸ್ ಆಮೇಲೆ ನೋಡೋಣ. ಯಾರೋ ಗುದ್ದಿ ಓಡಿಹೋದಾಗ ನಿಮಗೆ ಬೇಕಾಗುವುದು ಎರಡೇ: ಆ ಗಾಡಿಯ ನಂಬರ್ ಓದಲು ಬರಬೇಕು, ಆ ವಿಡಿಯೊ ಮೆಮೊರಿ ಕಾರ್ಡಿನಲ್ಲಿ ಉಳಿದಿರಬೇಕು.

ಮೊದಲು ನಿಮ್ಮ ದಾರಿ

ಥಾಣೆಯಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ (ಬಿಕೆಸಿ) ದಿನಾ ತೆವಳುವವರಿಗೆ 1080ಪಿ ಕ್ಯಾಮೆರಾ ನಡೆಯುತ್ತದೆ (ಈ ಅಂಕಿ ದೊಡ್ಡದಾದಷ್ಟೂ ಚಿತ್ರದಲ್ಲಿ ವಿವರ ಹೆಚ್ಚು; 4ಕೆ ಇನ್ನೂ ಮೇಲಿನದು). ಮುಂದಿನ ಕಾರು ಹೇಗೂ ನಾಲ್ಕು ಅಡಿ ದೂರದಲ್ಲೇ ಇರುತ್ತದೆ ಅಲ್ವಾ! ರಜೆ ಸಿಕ್ಕಾಗಲೆಲ್ಲ ಊರಿಗೆ ಕಾರಿನಲ್ಲೇ ಹೋಗುವವರಾದರೆ ಲೆಕ್ಕ ಬೇರೆ. ಪನ್ವೇಲ್ ದಾಟಿ 66ನೇ ಹೆದ್ದಾರಿ ಹಿಡಿದು ಉಡುಪಿಗೋ, ಪುಣೆ, ಸಾತಾರಾ, ಕೊಲ್ಹಾಪುರದ ಮೇಲೆ ಬೆಳಗಾವಿಗೋ ಹೊರಟಾಗ ವೇಗ ಜಾಸ್ತಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನೀವು, ಅಷ್ಟೇ ವೇಗದಲ್ಲಿ ಎದುರಿನ ಗಾಡಿ ಅಂದುಕೊಳ್ಳಿ. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ, ತೆಗೆಯುವ ಕ್ಯಾಮೆರಾದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಆ ಗಾಡಿ ಸುಮಾರು ಒಂದೂವರೆ ಮೀಟರ್ ಹತ್ತಿರ ಬಂದಿರುತ್ತದೆ. ನಂಬರ್ ಸ್ಪಷ್ಟವಾಗಿ ಸಿಗುವ ಫ್ರೇಮ್ ಒಂದೋ ಎರಡೋ. ಇಂಥವರು 1440ಪಿಗಿಂತ ಕಡಿಮೆಯದನ್ನು ಕೊಳ್ಳಬೇಡಿ. 60 ಫ್ರೇಮ್ ಇದ್ದರೆ ಇನ್ನೂ ವಾಸಿ.

4ಕೆ ಬೇಡವೇ? ಬೆಳಕು ಹಿಡಿಯುವ ಸೆನ್ಸರ್ ಒಳ್ಳೆಯದಿದ್ದರೆ ಬೇಕು. ಕೆಲವು ಅಗ್ಗದ ಮಾದರಿಗಳಲ್ಲಿ 4ಕೆ ಅಂದರೆ ಸಣ್ಣ ಚಿತ್ರವನ್ನು ಹಿಗ್ಗಿಸಿದ್ದು, ಅಷ್ಟೇ. ರಾತ್ರಿ ಅದರಲ್ಲಿ ಹೆಡ್‌ಲೈಟಿನ ಬಿಳಿ ಮಚ್ಚೆ ಬಿಟ್ಟು ಏನೂ ಕಾಣುವುದಿಲ್ಲ. ಕಡಿಮೆ ಬೆಳಕಿಗೆಂದೇ ಮಾಡಿದ ಸೋನಿ ಸ್ಟಾರ್‌ವಿಸ್‌ನಂಥ ಸೆನ್ಸರ್ ಇದೆಯೇ, ಕಡು ಬೆಳಕು, ಕಡು ನೆರಳು ಎರಡರಲ್ಲೂ ವಿವರ ಉಳಿಸುವ ಎಚ್‌ಡಿಆರ್ ಇದೆಯೇ ಕೇಳಿ. ಎಕ್ಸ್‌ಪ್ರೆಸ್‌ವೇಯ ಸುರಂಗದಿಂದ ತಟ್ಟನೆ ಬಿಸಿಲಿಗೆ ಬಂದಾಗ ಎಚ್‌ಡಿಆರ್‌ನ ಬೆಲೆ ಗೊತ್ತಾಗುತ್ತದೆ. ಅಂಗಡಿಯವರು ತೋರಿಸುವ ಹಗಲಿನ ವಿಡಿಯೊ ನಂಬಬೇಡಿ. ಅದೇ ಮಾದರಿಯಲ್ಲಿ ತೆಗೆದ ರಾತ್ರಿಯ, ಮಳೆಯ ವಿಡಿಯೊ ಯೂಟ್ಯೂಬ್‌ನಲ್ಲಿ ಹುಡುಕಿ, ನಿಲ್ಲಿಸಿ, ನಂಬರ್ ಓದಲು ಬರುತ್ತದೆಯೇ ನೋಡಿ.

170 ಡಿಗ್ರಿ ನೋಟ ಎಂಬ ಮಾತಿಗೂ ಮರುಳಾಗಬೇಡಿ. ನೋಟ ಅಗಲವಾದಷ್ಟೂ ಪ್ಲೇಟ್ ಚಿಕ್ಕದಾಗುತ್ತದೆ. 130ರಿಂದ 140 ಧಾರಾಳ ಸಾಕು.

ಬಿಸಿಲಿಗೆ ಬ್ಯಾಟರಿ ಆಗದು

ಏಪ್ರಿಲ್, ಮೇನಲ್ಲಿ ಬಯಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿದರೆ ಕೈ ಸುಡುತ್ತದೆ. ಆ ಕಾವಿಗೆ ಲಿಥಿಯಂ ಬ್ಯಾಟರಿ ಉಬ್ಬಬಹುದು. ಅದರ ಬದಲು ಸೂಪರ್ ಕೆಪಾಸಿಟರ್ ಇರುವ ಕ್ಯಾಮೆರಾ ಆರಿಸಿ. ಕಾರು ಆಫ್ ಆದ ಮೇಲೆ ಕೊನೆಯ ಫೈಲ್ ಉಳಿಸುವಷ್ಟು ಹೊತ್ತು ಕರೆಂಟ್ ಕೊಡುವುದೇ ಅದರ ಕೆಲಸ. ನನ್ನ ಮಟ್ಟಿಗೆ ಇದೊಂದು ಇಲ್ಲದಿದ್ದರೆ ಉಳಿದ ಯಾವ ಸೌಲಭ್ಯವನ್ನೂ ನೋಡಬೇಕಾಗಿಲ್ಲ.

ಕಾರ್ಡಿನಲ್ಲಿ ಜಿಪುಣತನ ಬೇಡ

ಕ್ಯಾಮೆರಾಗೆ ಸಾವಿರಾರು ರೂಪಾಯಿ ಸುರಿದು, ಹಳೆಯ ಮೊಬೈಲಿನ ಕಾರ್ಡ್ ಹಾಕುವವರೇ ಜಾಸ್ತಿ. ಡ್ಯಾಶ್‌ಕ್ಯಾಮ್ ಒಂದೇ ಸಮನೆ ಬರೆಯುತ್ತದೆ. ಕಾರ್ಡ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಮತ್ತೆ ಬರೆಯುತ್ತದೆ. ಸಾಮಾನ್ಯ ಕಾರ್ಡ್ ಈ ದುಡಿತಕ್ಕೆ ಬೇಗ ಸೋಲುತ್ತದೆ. ‘ಹೈ ಎಂಡ್ಯೂರೆನ್ಸ್’ ಎಂದು ಬರೆದಿರುವ ಮೈಕ್ರೊ ಎಸ್‌ಡಿ ಕಾರ್ಡನ್ನೇ, ಬಿಲ್ ಸಮೇತ ಕೊಳ್ಳಿ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ, ಬೆಲೆ ತೀರಾ ಕಡಿಮೆ ಇದ್ದರೆ ಅನುಮಾನಪಡಿ.

ಎಷ್ಟು ಜಿಬಿ? ಸೆಕೆಂಡಿಗೆ 20 ಮೆಗಾಬಿಟ್ ಬರೆಯುವ ಕ್ಯಾಮೆರಾ ಗಂಟೆಗೆ ಸುಮಾರು 9 ಜಿಬಿ ತಿನ್ನುತ್ತದೆ. 64 ಜಿಬಿ ಏಳು ಗಂಟೆಯಲ್ಲಿ ಭರ್ತಿ. ಮುಂಜಾನೆ ಮುಂಬೈಯಲ್ಲಿ ಯಾರೋ ಉಜ್ಜಿಕೊಂಡು ಹೋದದ್ದನ್ನು ರಾತ್ರಿ ರತ್ನಾಗಿರಿ ದಾಟಿದ ಮೇಲೆ ಹುಡುಕಿದರೆ ಅಳಿಸಿಹೋಗಿರಬಹುದು. 128 ಜಿಬಿ ಹಾಕಿ. ಹಿಂದಿನ ಕ್ಯಾಮೆರಾವೂ ಇದ್ದರೆ 256. ಕ್ಯಾಮೆರಾ ಅಷ್ಟು ದೊಡ್ಡ ಕಾರ್ಡ್ ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹೊಡೆತ ಬಿದ್ದಾಗ ಕುಲುಕಾಟ ಗುರುತಿಸುವ ಜಿ-ಸೆನ್ಸರ್ ಆ ತುಣುಕನ್ನು ಅಳಿಸಿಹೋಗದ ಹಾಗೆ ಬೀಗ ಹಾಕಿ ಇಡುತ್ತದೆ. ಅದರ ಸೂಕ್ಷ್ಮತೆ ಜಾಸ್ತಿ ಇಟ್ಟರೆ ನಮ್ಮ ರಸ್ತೆಯ ಪ್ರತಿ ಹೊಂಡವೂ ಅಪಘಾತವೇ! ಬೀಗ ಹಾಕಿದ ಫೈಲುಗಳಿಂದಲೇ ಕಾರ್ಡ್ ತುಂಬಿಬಿಡುತ್ತದೆ. ‘ಲೋ’ನಲ್ಲಿಡಿ.

ಸೊಸೈಟಿಯ ಓಪನ್ ಪಾರ್ಕಿಂಗಿನಲ್ಲಿ ಗೀರು ಬೀಳುತ್ತಿದ್ದರೆ ಮಾತ್ರ, ನಿಂತ ಕಾರಿನಲ್ಲೂ ರೆಕಾರ್ಡ್ ಮಾಡುವ ಪಾರ್ಕಿಂಗ್ ಮೋಡ್ ಬೇಕು. ಅದಕ್ಕೆ ಫ್ಯೂಸ್ ಬಾಕ್ಸ್‌ನಿಂದ ವೈರ್ ಎಳೆಯುವ ಹಾರ್ಡ್‌ವೈರ್ ಕಿಟ್ ಹಾಕಿಸಬೇಕು. ವೋಲ್ಟೇಜ್ ಇಳಿದಾಗ ತಾನೇ ಆಫ್ ಆಗುವ ಕಿಟ್ ಇರಲಿ. ಇಲ್ಲವಾದರೆ ಕಾರಿನ ಬ್ಯಾಟರಿ ಬರಿದಾಗುತ್ತದೆ. ಕಾರಿನ ವೈರ್ ಕತ್ತರಿಸಿ ಜೋಡಿಸಲು ಬಿಡಬೇಡಿ, ವಾರಂಟಿಗೆ ತಕರಾರು ಬರಬಹುದು.

ಕೂರಿಸುವಾಗ

ಕನ್ನಡಿಯ ಹಿಂದೆ, ಚಾಲಕರ ನೋಟಕ್ಕೆ ಅಡ್ಡ ಬರದ ಹಾಗೆ, ಆದರೆ ವೈಪರ್ ಒರೆಸುವ ಜಾಗದಲ್ಲೇ ಅಂಟಿಸಿ. ಜುಲೈ ಮಳೆಯಲ್ಲಿ ಇದರ ಮಹತ್ವ ಗೊತ್ತಾಗುತ್ತದೆ. ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಏರ್‌ಬ್ಯಾಗ್ ಇದ್ದರೆ ವೈರ್ ಅದರ ಮುಂದೆ ಹಾಯದಿರಲಿ. ತಾರೀಖು, ಸಮಯ ಸರಿ ಮಾಡಿ. ಕಾರಿನೊಳಗಿನ ಮಾತು ರೆಕಾರ್ಡ್ ಆಗುವುದು ಬೇಡವಾದರೆ ಮೈಕ್ ಆಫ್ ಮಾಡಿ.

ಏನಾದರೂ ಆದರೆ ಮೊದಲು ಕ್ಯಾಮೆರಾ ಆಫ್ ಮಾಡಿ, ಕಾರ್ಡ್ ತೆಗೆದಿಡಿ. ವಾಟ್ಸಾಪ್‌ನಲ್ಲಿ ಕಳಿಸಿದರೆ ವಿಡಿಯೊ ಕುಗ್ಗಿ ನಂಬರ್ ಮಸುಕಾಗುತ್ತದೆ, ಹಾಗಾಗಿ ಮೂಲ ಕಾರ್ಡ್ ಕೈಬಿಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಇಂಥ ವಿಡಿಯೊದ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರವೂ ಬೇಕು. ಅದನ್ನು ವಕೀಲರ ಹತ್ತಿರ ಕೇಳಿ ಮಾಡಿಸಿಕೊಳ್ಳಿ.